ಹುಳು ಹಾಯದ ಚೂರು

ಕೊಲಾಜ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಡಿಗ್ರಿ ಓದುವಾಗ. ಕಾಗದ, ಬಟ್ಟೆ, ಒಣಗಿದ ಎಲೆ ಎಲ್ಲವನ್ನೂ ಹರಿದು ಒಂದೇ ಹಲಗೆಗೆ ಅಂಟಿಸಿದರೆ ಅದೂ ಚಿತ್ರವೇ, ಅದರಲ್ಲಿ ಮರ ಮರದ ಹಾಗೆ, ಮನುಷ್ಯ ಮನುಷ್ಯನ ಹಾಗೆ ಕಾಣಬೇಕಾಗಿಲ್ಲ ಎಂದು ಮೇಷ್ಟ್ರು ಹೇಳಿದರು. ಕ್ಲಾಸಿನಲ್ಲಿ ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಮುಚ್ಚಿ ಕೂತೆ. ಆ ಮಾತು ನನಗೆ ಹೊಸದು, ವಸ್ತು ಹಳೆಯದು. ಮೇಲೂರಿನ ಮಗ್ಗುಲಲ್ಲಿರುವ ನಮ್ಮೂರಿನ ಮನೆಯಲ್ಲಿ, ರೇಷ್ಮೆ ಹುಳು ಸಾಕುವ ಕೋಣೆಯಲ್ಲಿ, ಅಂಥವು ಗೋಡೆಗೊರಗಿ ಸಾಲಾಗಿ ನಿಂತಿದ್ದವು, ಮತ್ತು ಅವುಗಳಿಗೆ ಬೆನ್ನು ಮಾಡಿ ನಿಲ್ಲಲು ನನಗೆ ಹೆದರಿಕೆಯಾಗುತ್ತಿತ್ತು. ನಮ್ಮ ವಂಶದಲ್ಲಿ ಕಾಲೇಜಿಗೆ ಹೋಗಿ ಪಾಸಾಗಿ ಬಂದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಆದರೆ ನಾನು ಓದುತ್ತೇನೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಅಂಥದ್ದೊಂದು ಹಲಗೆ.

ಅಮ್ಮ ತೀರಿಕೊಂಡಾಗ ನಾವು ಗೌರಿಬಿದನೂರಿನಲ್ಲಿದ್ದೆವು. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡ. ಬಂದವಳು ಕೆಟ್ಟವಳೇನಲ್ಲ, ಆದರೆ ಅವಳಿಗೆ ಕೂಸು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು, ನನ್ನನ್ನು ಶಾಲೆ ಬಿಡಿಸಿದಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಬಸ್ಸು ಹತ್ತಿ ಬಂದು, ಅಮ್ಮನ ತಗಡಿನ ಟ್ರಂಕನ್ನು ತಲೆ ಮೇಲೆ ಹೊತ್ತು, ನನ್ನ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಬಂದು ಮತ್ತೆ ಶಾಲೆಗೆ ಸೇರಿಸಿದಳು. ಅಲ್ಲಿ ದೊಡ್ಡಪ್ಪ ಇದ್ದರು, ಅವರ ಮಗಳು ಗಿರಿಜ ಇದ್ದಳು, ನನಗಿಂತ ಸ್ವಲ್ಪ ದೊಡ್ಡವಳು. ದೊಡ್ಡಪ್ಪನ ತಾಯಿಯನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು. ಚಿಂತಾಮಣಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು, ಅರ್ಧ ಮಾತು ತೆಲುಗು, ಮಕ್ಕಳೆಲ್ಲ ಅವಳಿಗೆ ‘ಬಿಡ್ಡ’. ಮನೆಯ ದೊಡ್ಡ ಕೋಣೆ ಹುಳುಗಳದ್ದು. ನಾವು ಐದು ಜನ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಹುಳು ದೊಡ್ಡವಾದಾಗ ತಟ್ಟೆಗಳು ಹಜಾರಕ್ಕೂ ಬರುತ್ತಿದ್ದವು, ನಾವು ಜಗಲಿಗೆ ಹೋಗುತ್ತಿದ್ದೆವು. ಆ ಮನೆಯಲ್ಲಿ ಹುಳುಗಳು ಮನೆಯವರು, ನಾವು ಬಂದು ಹೋಗುವ ನೆಂಟರು.

ಈಗ ಹುಳುವಿಗೆ ತೋಟದಲ್ಲೇ ಬೇರೆ ಶೆಡ್ಡು, ಗೂಡು ಕಟ್ಟಲು ಪ್ಲಾಸ್ಟಿಕ್ ಬಲೆ. ಆಗ ಹಾಗಿರಲಿಲ್ಲ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ ಕೋಣೆಯನ್ನು ಹಗಲಲ್ಲೂ ಮಬ್ಬು ಮಾಡಿರುತ್ತಿದ್ದರು. ಹೊಸ್ತಿಲಲ್ಲಿ ಸುಣ್ಣದ ಪುಡಿ, ಅದನ್ನು ಮೆಟ್ಟಿಯೇ ಒಳಗೆ ಕಾಲಿಡಬೇಕು. ಹೂ ಮುಡಿಯುವಂತಿಲ್ಲ, ಮುಖಕ್ಕೆ ಪೌಡರ್ ಹಾಕುವಂತಿಲ್ಲ, ಹುಳು ಹಣ್ಣಾಗಿ ನೂಲು ಬಿಡಲು ಸಿದ್ಧವಾಗುವ ಹೊತ್ತಿನಲ್ಲಿ ಅಡಿಗೆಮನೆಯಲ್ಲಿ ಒಗ್ಗರಣೆ ಕೂಡ ಇಲ್ಲ, ಮುದ್ದೆಗೆ ಬರೀ ಬೇಯಿಸಿದ ಸೊಪ್ಪಿನ ಸಾರು. ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಯಾರೋ ಗೋಡೆಯ ಆ ಕಡೆ ಕೂತು ಕಾಗದ ಹರಿಯುತ್ತಾ ಹರಿಯುತ್ತಾ ಹೋಗುವ ಸದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ಆ ಸದ್ದು ನಿಂತುಹೋಯಿತು. ಏನಾಯಿತೆಂದು ಬಗ್ಗಿ ನೋಡಿದೆ. ತಟ್ಟೆ ತುಂಬ ಹುಳುಗಳು ತಲೆ ಎತ್ತಿ, ಒಂದೇ ಕಡೆಗೆ ಮುಖ ಮಾಡಿ, ಒಂದಿಷ್ಟೂ ಅಲುಗದೆ ನಿಂತಿದ್ದವು. ಪೊರೆ ಬಿಡುವ ಆ ಕಾಲಕ್ಕೆ ನಮ್ಮಲ್ಲಿ ‘ಜ್ವರ’ ಎನ್ನುತ್ತಾರೆ. ನನಗೆ ಅದು ಗೊತ್ತಿರಲಿಲ್ಲ. ಅವೆಲ್ಲ ನನ್ನನ್ನೇ ಕಾಯುತ್ತಿವೆ ಎಂದುಕೊಂಡು ಕೂಗುತ್ತಾ ಓಡಿ ಬಂದೆ. ಅವ್ವ ನನ್ನ ಬಾಯಿ ಮುಚ್ಚಿ, ಮಲಗಿದ ಮಗುವಿನ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ, ಜ್ವರ ಬಂದಿರೋ ಮನೇಲಿ ಕೂಗಬಾರದು ಅಂದಳು.

ಹಲಗೆ ಅವ್ವನ ಕೆಲಸ. ಬೆಳೆ ಮುಗಿಯುವ ಹೊತ್ತಿಗೆ ಕೆಲವು ಹುಳು ಹಿಂದೆ ಬೀಳುತ್ತವೆ, ಉಳಿದವು ಚಂದ್ರಿಕೆ ಎಂಬ ಬಿದಿರು ತಟ್ಟೆಯ ಸುರುಳಿಗಳಲ್ಲಿ ಗೂಡು ಕಟ್ಟಿಕೊಂಡ ಮೇಲೆ ಇವು ಹಣ್ಣಾಗುತ್ತವೆ. ಅವನ್ನು ಅವ್ವ ಎಸೆಯುತ್ತಿರಲಿಲ್ಲ. ಒಂದು ಚಪ್ಪಟೆ ಹಲಗೆಗೆ ಹುಣಸೆ ಬೀಜ ಬೇಯಿಸಿದ ಅಂಟು ಸವರಿ, ಮನೆಯ ಒಬ್ಬೊಬ್ಬರ ಉಟ್ಟ ಬಟ್ಟೆಯಿಂದ ಒಂದೊಂದು ಚೂರು ಹರಿದು ಅಂಟಿಸುತ್ತಿದ್ದಳು. ಚೂರುಗಳ ನಡುವೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಎಲೆಯ ನರಗಳು, ತೋಟದ ಹುಲ್ಲು, ಬಾಳೆಪಟ್ಟೆ, ಮರಿಹುಳುಗಳ ಕೆಳಗೆ ಹಾಸಿದ ಪೇಪರಿನ ತುಂಡು, ಗೊರವಂಕದ ಗರಿ. ಅದು ಇಂಥದ್ದೇ ಎಂದು ಹೇಳುವಂಥ ಆಕಾರ ಯಾವುದಕ್ಕೂ ಇರುತ್ತಿರಲಿಲ್ಲ. ಆಮೇಲೆ ಆ ಕೊನೆಯ ಹುಳುಗಳನ್ನು ಅದರ ಮೇಲೆ ಬಿಡುವುದು. ಚಪ್ಪಟೆ ಹಲಗೆಯ ಮೇಲೆ ಹುಳುವಿಗೆ ಗೂಡು ಕಟ್ಟಲು ಮೂಲೆ ಸಿಗುವುದಿಲ್ಲ. ಹುಡುಕುತ್ತದೆ, ಹುಡುಕುತ್ತಲೇ ನೂಲು ಬಿಡುತ್ತದೆ, ಕೊನೆಗೆ ಹೊಟ್ಟೆಯಲ್ಲಿದ್ದ ನೂಲೆಲ್ಲ ಹಲಗೆಯ ಮೇಲೆ ಹಾಳೆಯಾಗಿ ಹರಡಿ, ಬಟ್ಟೆ ಎಲೆ ಗರಿ ಎಲ್ಲವನ್ನೂ ಒಂದು ಹಳದಿ ಪೊರೆಯೊಳಗೆ ಸೇರಿಸಿ ಹೊಲಿದುಬಿಡುತ್ತದೆ. ತಾನು ಮಾತ್ರ ಗೂಡಿಲ್ಲದೆ, ಆ ಹಾಳೆಯ ಮೇಲೆಯೇ ಬೆತ್ತಲೆ ಮುದುಡಿ ಕೋಶವಾಗುತ್ತದೆ. ಮುಟ್ಟಿದರೆ ಸೊಂಟ ತಿರುಗಿಸುತ್ತದೆ. ಅವ್ವ ಅವನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು ಹೋಗಿ ತೋಟದ ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ, ಕೈ ಮುಗಿದು ಬರುತ್ತಿದ್ದಳು.

ಹಳೆಯ ಹಲಗೆಗಳನ್ನು ತೋರಿಸಿ ಅವ್ವ ಇದು ನಿಮ್ಮ ದೊಡ್ಡಪ್ಪ, ಇದು ಗಿರಿಜ ಹುಟ್ಟಿದ ವರ್ಷದ ತೊಟ್ಟಿಲ ಬಟ್ಟೆ, ಇದು ನನ್ನ ಗಂಡ ಎನ್ನುತ್ತಿದ್ದಳು. ಸತ್ತವರ ಹೆಸರನ್ನೂ ಹಾಗೇ, ಹಜಾರದಲ್ಲಿ ಕೂತಿರುವವರನ್ನು ತೋರಿಸಿದಂತೆ. ನೂಲಿನ ಹಾಳೆ ಒಣಗಿ ಹಲಗೆಯಿಂದ ಸ್ವಲ್ಪ ಮೇಲೆದ್ದಿರುತ್ತದೆ. ಗೋಣಿಚೀಲದ ಸಂದಿಯಿಂದ ಗಾಳಿ ಬಂದರೆ ಎಲ್ಲ ಹಲಗೆಗಳೂ ಒಟ್ಟಿಗೆ ಉಸಿರು ಎಳೆದುಕೊಂಡು ಬಿಟ್ಟಂತಾಗುತ್ತಿತ್ತು. ಅವುಗಳಲ್ಲಿ ಒಂದನ್ನು ಮಾತ್ರ ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಅದು ನಂಜುಂಡನ ವರ್ಷದ ಹಲಗೆ ಎಂದು ಗಿರಿಜ ಹೇಳಿದಳು. ನಂಜುಂಡ ದೊಡ್ಡಪ್ಪನ ತಮ್ಮ. ಆ ವರ್ಷ ಎಲ್ಲರ ಚೂರಿನ ಮೇಲೂ ಹಾದ ಹುಳು ಅವನ ಚೂರಿನ ಮೇಲೆ ಮಾತ್ರ ಹಾಯಲಿಲ್ಲ. ಆಮೇಲೆ ಸ್ವಲ್ಪ ಕಾಲಕ್ಕೆ ಹಿಂದೂಪುರದ ರೈಲು ಹತ್ತಿದವನು ತಿರುಗಿ ಬರಲಿಲ್ಲ. ಹುಳು ಹಾಯದೆ ಬಿಟ್ಟವರು ಮನೆಯಲ್ಲಿ ನಿಲ್ಲುವುದಿಲ್ಲ, ಬಲವಂತವಾಗಿ ಇಟ್ಟುಕೊಂಡರೆ ಮನೆ ನಿಲ್ಲುವುದಿಲ್ಲ. ಆ ಮನೆಯ ನಂಬಿಕೆ ಇಷ್ಟೇ.

ನಾನು ಬಂದ ಮೇಲಿನ ಮೊದಲ ಬೆಳೆಯಲ್ಲಿ ಅವ್ವ ನನ್ನಿಂದಲೂ ಒಂದು ಚೂರು ಕೇಳಿದಳು. ನನಗೆ ಹಿಗ್ಗು. ಟ್ರಂಕು ತೆಗೆದು, ಅಮ್ಮ ಹೊಲಿಸಿಕೊಟ್ಟ ಹಸಿರು ಲಂಗವನ್ನೇ ಕೊಟ್ಟೆ. ಆ ಟ್ರಂಕಿನ ವಾಸನೆಯೇ ನನಗೆ ಅಮ್ಮನ ವಾಸನೆ, ಒಬ್ಬಳೇ ಇದ್ದಾಗ ಮುಚ್ಚಳ ಸ್ವಲ್ಪ ತೆಗೆದು ಮೂಗಿಟ್ಟು ಮುಚ್ಚುತ್ತಿದ್ದೆ. ಅವ್ವ ಲಂಗದ ಅಂಚನ್ನು ಪರ್ರನೆ ಹರಿದು, ಗಿರಿಜಾಳ ಚೂರಿನ ಪಕ್ಕದಲ್ಲಿ ಅಂಟಿಸಿದಳು. ಹುಳು ಬಿಟ್ಟರು. ಹಣ್ಣಾದ ಹುಳುವಿನ ಮೈ ಗಾಜಿನ ಹಾಗೆ, ಬೆಳಕಿಗೆ ಹಿಡಿದರೆ ಒಳಗಿನ ಹಳದಿ ನೂಲು ಕಾಣುತ್ತದೆ. ಅವು ದೊಡ್ಡಪ್ಪನ ಪಂಚೆಯ ಮೇಲೆ ಹಾದವು, ದೊಡ್ಡಮ್ಮನ ಸೀರೆಯ ಮೇಲೆ ಹಾದವು, ಗರಿಯ ಮೇಲೆ ಹಾದವು. ನನ್ನ ಹಸಿರು ಚೂರಿನ ಅಂಚಿಗೆ ಬಂದು ನಿಂತವು. ತಲೆ ಎತ್ತಿದವು. ಗಾಳಿಯಲ್ಲಿ ಏನನ್ನೋ ಕೇಳಿಸಿಕೊಳ್ಳುವ ಹಾಗೆ ಅತ್ತಿತ್ತ ಆಡಿಸಿದವು. ತಿರುಗಿ ಹೋದವು. ಒಂದಾದ ಮೇಲೊಂದು, ಎಲ್ಲವೂ ಅದೇ ಜಾಗದಲ್ಲಿ ಹಾಗೇ ಮಾಡಿದವು. ಮಾರನೆಯ ದಿನ ಹಲಗೆಯೆಲ್ಲ ಹಳದಿ ಪೊರೆ, ನನ್ನ ಚೂರೊಂದೇ ಕತ್ತರಿಸಿ ಬಿಟ್ಟ ಕಿಟಕಿಯ ಹಾಗೆ ಹಸಿರಾಗಿ ತೆರೆದುಕೊಂಡಿತ್ತು. ದೊಡ್ಡಪ್ಪ ಹಲಗೆಯನ್ನು ಎತ್ತಿಕೊಂಡು ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು.

ಅವತ್ತು ಊಟಕ್ಕೆ ಕೂತಾಗ ದೊಡ್ಡಪ್ಪ ಮುದ್ದೆ ಮುರಿಯುತ್ತಾ, ನನ್ನ ಕಡೆ ನೋಡದೆ, ದೊಡ್ಡಮ್ಮನಿಗೆ ಹೇಳಿದರು:

“ಬೇಸಿಗೆ ರಜಾ ಬರ್ಲಿ, ಗೌರಿಬಿದನೂರಿಗೆ ಬಿಟ್ಟು ಬರ್ತೀನಿ. ಅವರಪ್ಪ ಬದುಕವ್ನಲ್ಲ, ನೋಡ್ಕೊಳ್ಳಿ.”

“ಅವರಪ್ಪ ನೋಡ್ಕೊಂಡ ಚೆಂದ ನೋಡಿಯೇ ನಾನು ಕರ್ಕೊಂಡ್ ಬಂದಿದ್ದು.”

“ನಂಜುಂಡನ್ ಚೂರು ನೆನಪೈತಾ ನಿಂಗೆ?”

ದೊಡ್ಡಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಗೌರಿಬಿದನೂರು ಎಂದರೆ ಶಾಲೆ ಮುಗಿದ ಹಾಗೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಜಗಳ ಆಮೇಲೆ ದಿನಾ ನಡೆಯಿತು, ಸೊಪ್ಪು ಕೊಯ್ಯುವಾಗ, ಪಾತ್ರೆ ಬೆಳಗುವಾಗ, ನೇರವಾಗಿ ಅಲ್ಲ, ಯಾರದೋ ಕಥೆ ಹೇಳುವ ಹಾಗೆ. ದೊಡ್ಡಪ್ಪ ಬೈಯುವ ಮನುಷ್ಯನೇ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಹಜಾರ ದಾಟುವಾಗ ನಾನು ಕೂತ ಜಾಗವನ್ನು ಬಳಸಿಕೊಂಡು ಹೋಗುತ್ತಿದ್ದರು, ಆ ಹುಳುಗಳು ಹೋದ ಹಾಗೆಯೇ. ಗಿರಿಜಾಳಿಗೆ ಅಂಥ ನಾಜೂಕು ಇರಲಿಲ್ಲ.

“ಹುಳ ನಿನ್ ಮೇಲೆ ಹಾಯಲ್ವಂತೆ ಕಣೇ. ಹೋಗೋವಾಗ ನಿನ್ ಚಾಪೆ ನಂಗ್ ಕೊಟ್ಬಿಟ್ಟು ಹೋಗು, ನಂದು ಹರ್ದೋಗೈತೆ.”

ನಾನು ನನ್ನನ್ನೇ ಅನುಮಾನಿಸತೊಡಗಿದೆ. ಮುಂದಿನ ಬೆಳೆಯ ಹುಳು ದೊಡ್ಡವಾದಾಗ, ಯಾರೂ ಇಲ್ಲದ ಹೊತ್ತು ನೋಡಿ, ಒಂದನ್ನು ಎತ್ತಿ ಅಂಗೈ ಮೇಲೆ ಬಿಟ್ಟುಕೊಂಡೆ. ತಣ್ಣಗಿತ್ತು. ಬೆರಳಿನ ತುದಿಯವರೆಗೆ ನಡೆದು ಹೋಗಿ, ಅಲ್ಲಿ ಅರ್ಧ ಮೈ ಗಾಳಿಗೆ ಚಾಚಿ, ಹೋಗಲು ಬೇರೆ ಜಾಗವಿದೆಯೇ ಎಂದು ತಡಕಿತು. ಹಿಂತಿರುಗಿಸಿದರೆ ಮತ್ತೆ ತುದಿಗೇ ಹೋಯಿತು. ಹುಳುವೆಂದರೆ ಹಾಗೇ ಮಾಡುತ್ತದೆ, ಅದನ್ನು ಈಗ ಬಲ್ಲೆ. ಅವತ್ತು ಮಾತ್ರ ನನಗೆ, ನನ್ನ ಕೈ ಇರುವ ಜಾಗದಲ್ಲಿ ಅವಕ್ಕೆ ಏನೂ ಕಾಣುತ್ತಿಲ್ಲ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನಿಸಿತು. ಗೋಡೆಗೆ ಮುಖ ಮಾಡಿದ್ದ ಆ ಎರಡು ಹಲಗೆಗಳು ಒಂದಕ್ಕೊಂದು ಒರಗಿಕೊಂಡಿದ್ದವು. ನಾನು ಮುಖವನ್ನೇ ನೋಡದ ಆ ನಂಜುಂಡ ಚಿಕ್ಕಪ್ಪ ಈಗ ನನ್ನ ಚೂರಿನ ಬೆನ್ನಿಗೆ ಒರಗಿ ನಿಂತಿದ್ದಾನೆ, ಈ ಮನೆಯಲ್ಲಿ ಅವನೊಬ್ಬನಿಗೇ ನಾನು ಕಾಣುತ್ತೇನೆ ಎಂದುಕೊಂಡೆ. ಆ ಯೋಚನೆಯಿಂದ ಹೆದರಿಕೆಯೂ ಆಯಿತು, ಸ್ವಲ್ಪ ಧೈರ್ಯವೂ ಬಂತು.

ನನ್ನನ್ನು ಕಳಿಸುವ ದಿನ ಹತ್ತಿರ ಬಂತು. ಬಟ್ಟೆ ಹೊಂದಿಸಲೆಂದು ಒಂದು ಮಧ್ಯಾಹ್ನ ದೊಡ್ಡಮ್ಮ ಟ್ರಂಕನ್ನು ಜಗಲಿಗೆ ತಂದು ತೆಗೆದಳು. ಹಸಿರು ಲಂಗ ಎತ್ತಿ ಮಡಚುವಾಗ ಅವಳ ಕೈ ನಿಂತಿತು. ಮೂಗಿಗೆ ಹಿಡಿದಳು. ಟ್ರಂಕಿನ ಮೂಲೆಯಲ್ಲಿ ತಡಕಿ, ಸವೆದು ಮೆಣಸಿನ ಕಾಳಿನಷ್ಟಾಗಿದ್ದ ಬಿಳಿಯ ಗುಳಿಗೆಯೊಂದನ್ನು ಹೊರಗೆ ತೆಗೆದಳು. ಅವ್ವ ಅಲ್ಲೇ ಮೆಟ್ಟಿಲ ಮೇಲೆ ಎಲೆ ಆರಿಸುತ್ತಾ ಕೂತಿದ್ದಳು. ದೊಡ್ಡಪ್ಪ ಅಂಗಳದಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು.

“ಅತ್ತೆ, ಇದನ್ನ ಒಂದ್ಸಲ ಮೂಸಿ.”

“ನುಸಿಗುಳಿಗೆ,” ಅಂದಳು ಅವ್ವ.

“ಈ ಲಂಗದ್ದೇ ಅಲ್ವಾ ಚೂರು ಹರ್ದಿದ್ದು? ಮಲ್ಲಿಗೆ ಮುಡ್ಕೊಂಡು ಒಳಗ್ ಹೋದ್ರೆ ಬೈತೀರಿ, ಇದನ್ನ ಹುಳದ ಮೂತಿಗೇ ಇಟ್ಟಿದ್ದೀವಿ. ನನ್ ತಂಗಿ ಮಗಳಿಗೆ ಹುಳ ಹೆದರ್ಲಿಲ್ಲ, ಗುಳಿಗೆಗೆ ಹೆದರ್ತು.”

ಅವ್ವ ಲಂಗವನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಅಷ್ಟಕ್ಕೇ ನನ್ನ ಮಟ್ಟಿಗೆ ಎಲ್ಲ ಮುಗಿಯಿತು, ನಾನು ಉಳಿದೆ ಅಂದುಕೊಂಡೆ. ಅವ್ವ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ಹುಳುಗಳು ಜ್ವರಕ್ಕೆ ನಿಂತಾಗ ಹೇಗೋ ಹಾಗೆ ತಲೆ ಎತ್ತಿ, ಕಣ್ಣು ಅಲುಗಿಸದೆ ಕೂತಿದ್ದಳು. ಆಮೇಲೆ ಯಾರಿಗೂ ಅಲ್ಲದ ಹಾಗೆ ಅಂದಳು:

“ನಂಜುಂಡನ ಅಂಗಿ ಬೀಡಿ ವಾಸ್ನೆ ಹೊಡೀತಿತ್ತು. ನಾನೇ ಹರ್ದಿದ್ದು. ಒಗ್ದೂ ಇರ್ಲಿಲ್ಲ.”

ಅಂಗಳದಲ್ಲಿ ಸೊಪ್ಪಿನ ಸದ್ದು ನಿಂತಿತು. ಹುಳುವೇ ನಿನ್ನನ್ನು ಬಿಟ್ಟಿದೆ, ನಾನೇನು ಮಾಡಲಿ ಎಂದು ತಮ್ಮನಿಗೆ ಹೇಳಿದವರು ದೊಡ್ಡಪ್ಪನೇ, ಅದು ನನಗೆ ಆಮೇಲೆ ದೊಡ್ಡಮ್ಮನಿಂದ ತಿಳಿಯಿತು. ಹಲಗೆ ನೋಡಿ ಬಂದ ದಿನದಿಂದ ಮನೆಯಲ್ಲಿ ಅವನಿಗೆ ಅರ್ಧ ಬೀಳ್ಕೊಟ್ಟ ಹಾಗೆಯೇ ಆಗಿತ್ತಂತೆ. ತೋಟದ ಮಾತಿಗೆ ಅವನನ್ನು ಕೂರಿಸಿಕೊಳ್ಳಲಿಲ್ಲ, ಹೆಣ್ಣು ನೋಡುವುದನ್ನು ನಿಲ್ಲಿಸಿದರು, ಹೋಗುವವನಿಗೆ ಯಾಕೆ ಎಂದು. ಅವನು ಹೋದ. ಹೋದ ಮೇಲೆ ಹುಳು ಹೇಳಿದ್ದು ನಿಜವಾಯಿತು ಅಂದುಕೊಂಡರು. ಈಗ ಗುಳಿಗೆಯನ್ನು ಒಪ್ಪಿಕೊಂಡರೆ ದೊಡ್ಡಪ್ಪ ಬೀಡಿಯನ್ನೂ ಒಪ್ಪಿಕೊಳ್ಳಬೇಕಾಗಿತ್ತು. ಅವರು ಒಪ್ಪಿಕೊಳ್ಳಲಿಲ್ಲ.

“ಅದೆಲ್ಲ ಬೇಡಮ್ಮ,” ಅಂದರು ತಾಯಿಗೆ. “ಈ ಬೆಳೇಲಿ ಇನ್ನೊಂದ್ಸಲ ಇಟ್ಟು ನೋಡಣ. ಹಾಯ್ದ್ರೆ ಇರ್ಲಿ. ಹಾಯ್ಲಿಲ್ಲಾಂದ್ರೆ ಬಿಟ್ಟು ಬರ್ತೀನಿ, ಆಮೇಲೆ ಯಾರೂ ಮಾತಾಡಂಗಿಲ್ಲ.”

ದೊಡ್ಡಮ್ಮ ಲಂಗವನ್ನು ಸೀಗೆಪುಡಿ ಹಾಕಿ ಒಗೆದಳು, ಬಿಸಿಲಿಗೆ ಹಾಕಿದಳು, ಮತ್ತೆ ಒಗೆದಳು. ಟ್ರಂಕನ್ನೂ ತೊಳೆದು ಕವುಚಿ ಹಾಕಿದಳು. ಒಣಗಿದ ಮೇಲೆ ನಾನು ಓಡಿ ಹೋಗಿ ಲಂಗವನ್ನು ಮೂಗಿಗೆ ಒತ್ತಿಕೊಂಡೆ. ಬರೀ ಬಿಸಿಲಿನ ವಾಸನೆ. ಅಮ್ಮ ಇರಲಿಲ್ಲ. ಈ ಮನೆಯಲ್ಲಿ ಉಳಿಯಬೇಕಾದರೆ ಅದನ್ನು ಕೊಡಬೇಕಿತ್ತು, ನನ್ನನ್ನು ಕೇಳದೆಯೇ ಕೊಟ್ಟಾಗಿತ್ತು. ಅಮ್ಮ ಸತ್ತಾಗ ಅಳದವಳು ಅವತ್ತು ದನದ ಕೊಟ್ಟಿಗೆಯ ಹಿಂದೆ ಕೂತು ಅತ್ತೆ. ಗಿರಿಜ ಬಂದು, ಚಾಪೆ ಬೇಡ ಬಿಡೇ, ಸುಮ್ನೆ ಅಂದೆ ಅಂದಳು.

ಆ ಸಲದ ಹಲಗೆಗೆ ಅವ್ವ ಚೂರುಗಳನ್ನು ಅಂಟಿಸುವಾಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹುಳು ಬಿಟ್ಟ ಮೇಲೆ ನಮ್ಮನ್ನು ಕರೆದಳು. ದೊಡ್ಡಪ್ಪ ಕೈ ಕಟ್ಟಿ ಗೋಡೆಯ ಬದಿಗೆ ನಿಂತರು. ನಾನು ಹೊಸ್ತಿಲ ಸುಣ್ಣದಲ್ಲೇ ನಿಂತೆ. ಗೋಣಿಚೀಲದ ತೂತುಗಳಿಂದ ಬಿದ್ದ ಬೆಳಕಿನಲ್ಲಿ ಹುಳುಗಳು ಹೊಳೆಯುತ್ತಿದ್ದವು. ಒಂದು ನನ್ನ ಹಸಿರಿನ ಅಂಚಿಗೆ ಬಂತು. ತಲೆ ಎತ್ತಿತು. ಎತ್ತಿದ್ದನ್ನು ಇಳಿಸಿ, ಹಸಿರಿನ ಮೇಲೆ ಎಳೆ ಹಚ್ಚಿ, ಎಂಟರ ಆಕಾರದಲ್ಲಿ ತಲೆಯಾಡಿಸುತ್ತಾ ಹಾದುಹೋಯಿತು. ಅದರ ಹಿಂದೆ ಇನ್ನೊಂದು. ದೊಡ್ಡಮ್ಮ ನನ್ನ ಹೆಗಲನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಮಾರನೆಯ ದಿನ ನೋಡಿದರೆ ನನ್ನ ಚೂರು ಎಲ್ಲರ ಚೂರಿನ ಹಾಗೆ ಪೊರೆಯ ಒಳಗಿತ್ತು. ಅದರ ಕೆಳಗೆ, ಹಲಗೆಯ ನಡುವೆ, ಅವ್ವನ ಕೆಂಪು ಸೀರೆಯ ಚೂರು ಬೋಳಾಗಿ ಬಿದ್ದಿತ್ತು. ಒಂದು ಎಳೆಯೂ ಅದರ ಮೇಲೆ ಹಾದಿರಲಿಲ್ಲ. ಸುತ್ತ ನೂಲು ದಪ್ಪಗೆ ಅಂಚು ಕಟ್ಟಿತ್ತು, ನಡುವೆ ಬಾವಿಯ ಹಾಗೆ ಕೆಂಪು. ಅಷ್ಟು ವರ್ಷಗಳ ಹಲಗೆಗಳಲ್ಲಿ ಅವಳ ಚೂರನ್ನು ಹುಳು ಬಿಟ್ಟದ್ದೇ ಇರಲಿಲ್ಲ. ಅವ್ವ ಬೆತ್ತಲೆ ಕೋಶಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

“ಮೂಸಿ ನೋಡೋ,” ಅಂದಳು ಮಗನಿಗೆ.

ದೊಡ್ಡಪ್ಪ ಮೊಣಕಾಲೂರಿ, ಆ ಕೆಂಪಿಗೆ ಮೂಗು ತಾಗಿಸಿ ಉಸಿರು ಎಳೆದರು. ಮತ್ತೆ ಎಳೆದರು.

“ಏನೂ ಇಲ್ಲ.”

“ಹಂಗಾದ್ರೆ ನಾನೂ ಈ ಮನೆಯೋಳಲ್ಲ. ಗೌರಿಬಿದನೂರಿಗೆ ನನ್ನ ಬಿಟ್ಟು ಬಾ. ಅಲ್ಲಿಂದ ಹಿಂದೂಪುರದ ರೈಲು ಹತ್ತಿ ಅವನೆಲ್ಲವ್ನೆ ಅಂತ ಹುಡುಕ್ತೀನಿ.”

ಅವಳ ದನಿಯಲ್ಲಿ ಕೋಪವಿರಲಿಲ್ಲ, ಹಾಸ್ಯವೂ ಇರಲಿಲ್ಲ. ಬಸ್ಸಿನ ಹೊತ್ತು ಕೇಳುವವರ ದನಿ ಅದು. ದೊಡ್ಡಪ್ಪ ಮೊಣಕಾಲಿನ ಮೇಲೆಯೇ ಇದ್ದರು. ಅವ್ವ ಏನಾದರೂ ಮಾಡಿದ್ದಳೇ ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಓದಿದ ಮೇಲೆ, ತಿಳಿದವರನ್ನು ಕೇಳಿದ್ದೇನೆ. ಗಾಳಿ ಇರಬಹುದು, ಹಲಗೆ ಓರೆಯಾಗಿರಬಹುದು, ಬಣ್ಣದ ಗುಣವಿರಬಹುದು ಎಂದರು. ಇರಬಹುದು. ದೊಡ್ಡಪ್ಪ ಎದ್ದು ಹೋದ ಮೇಲೆ ನಾನೂ ಆ ಚೂರನ್ನು ಮೂಸಿದೆ. ಅದರಲ್ಲಿ ಹಳೆಯ ಹತ್ತಿ ಬಟ್ಟೆಯ ವಾಸನೆ ಕೂಡ ಇರಲಿಲ್ಲ. ಕಲ್ಲು ಮೂಸಿದ ಹಾಗಿತ್ತು. ಅವ್ವನನ್ನು ಕೇಳಿದರೆ, ಹುಳಾನ ಕೇಳು ಬಿಡ್ಡ ಅಂದಳು. ಗೌರಿಬಿದನೂರಿನ ಮಾತನ್ನು ದೊಡ್ಡಪ್ಪ ಮತ್ತೆ ಎತ್ತಲಿಲ್ಲ, ಹಾಗೆಂದು ನನ್ನನ್ನು ಇರು ಎಂದೂ ಹೇಳಲಿಲ್ಲ. ರಜಾ ಮುಗಿಯಿತು. ನಾನು ಪುಸ್ತಕದ ಚೀಲವನ್ನು ಮೊಳೆಗೆ ತಗುಲಿಸಿ, ದಿನಾ ಮುಟ್ಟಿ ನೋಡುತ್ತಾ, ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆ.

ಶಾಲೆ ತೆರೆಯುವ ಕಾಲಕ್ಕೆ ಮುಂದಿನ ಬೆಳೆಯ ಹುಳು ಹಣ್ಣಾಗಿತ್ತು. ಅವ್ವ ಹಲಗೆ ಹೂಡಿದಳು. ಗೋಡೆಗೆ ಮುಖ ಮಾಡಿದ್ದ ಎರಡೂ ಹಲಗೆಗಳನ್ನು ಈ ಕಡೆಗೆ ತಿರುಗಿಸಿ ಸಾಲಿನಲ್ಲಿ ನಿಲ್ಲಿಸಿದಳು. ನಂಜುಂಡನ ನೀಲಿ ಚೂರನ್ನು ಆಗ ಮೊದಲ ಸಲ ನೋಡಿದೆ. ಬೆರಳಗಲದ್ದು, ಒಂದು ಕಡೆ ಗುಂಡಿಯ ಕಾಜು. ಹೊಸ ಹಲಗೆಯಲ್ಲಿ ಅವ್ವ ತನ್ನ ಚೂರನ್ನು ಅಂಚಿಗೆ ಅಂಟಿಸಿ, ನಡುವೆ ಅಂಗೈಯಗಲ ಬರೀ ಮರವನ್ನೇ ಬಿಟ್ಟಳು, ಅಂಟು ಕೂಡ ಸವರದೆ. ರೈಲು ಹತ್ತಿ ಹೋದವನ ಬಟ್ಟೆ ಮನೆಯಲ್ಲಿ ಒಂದೂ ಉಳಿದಿರಲಿಲ್ಲ, ಇದು ಯಾರು ಎಂದು ನಾನು ಕೇಳಲಿಲ್ಲ. ಹುಳು ತುಂಬಿದ ಮೊರವನ್ನು ಅವ್ವ ನನ್ನ ಕೈಗೆ ಕೊಟ್ಟು, ಈ ಸಲ ನೀನು ಬಿಡು ಅಂದಳು. ಗಿರಿಜಾಳಿಗೂ ಕೊಡದ ಕೆಲಸ. ನಾನು ಬಿಟ್ಟೆ. ಬೆಳಿಗ್ಗೆ ಎದ್ದು ಓಡಿ ಹೋಗಿ ನೋಡಿದರೆ, ಬಟ್ಟೆಯಿಲ್ಲ, ಎಲೆಯಿಲ್ಲ, ಹಿಡಿತಕ್ಕೆ ಏನೂ ಇಲ್ಲದ ಆ ಬರೀ ಮರದ ಮೇಲೆ ಹುಳುಗಳು ಬೇರೆಲ್ಲ ಕಡೆಗಿಂತ ದಟ್ಟವಾಗಿ ನೂಲು ಎಳೆದಿದ್ದವು. ಕೆಳಗಿನ ಮರ ಕಾಣುತ್ತಿರಲಿಲ್ಲ. ಒಳಗೆ ಯಾರೋ ಮಲಗಿರುವ ಹಾಗೆ ಆ ಜಾಗ ಉಬ್ಬಿತ್ತು.

ದೊಡ್ಡಪ್ಪ ಸುಣ್ಣ ಮೆಟ್ಟಿ ಒಳಗೆ ಬಂದರು. ನನ್ನ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದರು. ಬಗ್ಗಿ, ಆ ಉಬ್ಬಿನ ಮೇಲೆ ಅಂಗೈಯನ್ನು ಒತ್ತದ ಹಾಗೆ ಇಟ್ಟರು. ಎಷ್ಟೋ ದಿನಗಳ ಮೇಲೆ ನನ್ನ ಪಕ್ಕದಲ್ಲಿ, ನನ್ನನ್ನು ಬಳಸಿ ಹೋಗದೆ, ತೋಳು ತಾಗುವಷ್ಟು ಹತ್ತಿರ ನಿಂತಿದ್ದರು. ಬಾಗಿಲಲ್ಲಿ ಗಿರಿಜ ಜಡೆ ಹಾಕಿಕೊಂಡು ಚೀಲ ಹಿಡಿದು ನಿಂತಿದ್ದಳು. ದೊಡ್ಡಪ್ಪ ಕೈ ತೆಗೆಯದೆ, ತಲೆ ಎತ್ತದೆ ಹೇಳಿದರು:

“ಹೊತ್ತಾಯ್ತು, ಸ್ಕೂಲಿಗೆ ಹೋಗ್ರಮ್ಮ. ಇಬ್ರೂ.”